ಎಂಟಡಿಯ ತೋಳು

ಮಕ್ಕಳ ಉದ್ಯಾನದ ತಿರುಗುವ ಕುದುರೆಯಾಟದಲ್ಲಿ ನಡುಗಂಬವು ಕೊಡೆಯ ನೆರಳಿನಲ್ಲಿ ನಿಂತಿತ್ತು. ಅದರ ಕಬ್ಬಿಣದ ತೋಳುಗಳ ತುದಿಗೆ ಬಿಗಿದ ಹನ್ನೆರಡು ಮರದ ಕುದುರೆಗಳು ಬಿಸಿಲಿನಲ್ಲಿ ಸುತ್ತುತ್ತಿದ್ದವು. ಅವು ಓಡಿದಷ್ಟೂ ಕಂಬದ ಬಣ್ಣದ ದೀಪಗಳು ಬೆಳಗುತ್ತಿದ್ದವು.

ಬಣ್ಣ ಸುಲಿದ ಕರಿಗುದುರೆ ಕೇಳಿತು: "ಒಡೆಯರೇ, ನನಗೆ ಆ ನೆರಳು ಎಂದು ಸಿಗುವುದು?"

"ನಾನೂ ಓಡಿಯೇ ಇಲ್ಲಿಗೆ ಬಂದವನು. ಸೋಮಾರಿ, ಇನ್ನೂ ಜೋರಾಗಿ ಓಡು!" ಎಂದಿತು ಕಂಬ.

ಕರಿಗುದುರೆ ಓಡಿತು. ಉಪದೇಶ ಕೇಳಿಸಿಕೊಂಡ ಉಳಿದ ಹನ್ನೊಂದೂ ಓಡಿದವು. ಮಕ್ಕಳು ಕೇಕೆ ಹಾಕಿದರು, ಟೋಪಿಗಳು ಹಾರಿದವು, ಆಕಾಶವೇ ಗಿರಗಿರನೆ ತಿರುಗಿತು. ದೀಪಗಳು ಧಗಧಗಿಸಿದವು.

"ಈಗ ಹತ್ತಿರ ಬಂದೆನೇ?" ಎಂದು ಕುದುರೆ ತೇಕುತ್ತ ಕೇಳಿತು.

ಉತ್ತರ ಕೊಟ್ಟದ್ದು ಅದನ್ನು ಹಿಡಿದಿದ್ದ ತೋಳು: "ಕುದುರೆಯಣ್ಣಾ, ನೀನು ನಡೆದಾಗ ನಾನು ಎಂಟಡಿ ಇದ್ದೆ. ಓಡಿದಾಗಲೂ ಎಂಟಡಿಯೇ ಇದ್ದೇನೆ. ಕಂಬವಂತೂ ನೆಟ್ಟ ದಿನದಿಂದ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ."

ಹನ್ನೆರಡು ಕುದುರೆಗಳೂ ಬಿದ್ದು ಬಿದ್ದು ನಕ್ಕವು, ನಗುತ್ತಲೇ ನಿಂತುಬಿಟ್ಟವು. ದೀಪಗಳು ಆರಿದವು.

"ಅಯ್ಯೋ, ನನ್ನ ದೀಪಗಳು! ಓಡಿರಪ್ಪಾ, ಓಡಿ!" ಎಂದು ಕಂಬ ಅಂಗಲಾಚಿತು.

"ಓಡುತ್ತೇವೆ, ಒಡೆಯರೇ," ಎಂದಿತು ಕರಿಗುದುರೆ. "ಮೊದಲು ತೋಳಿನ ಉದ್ದ ಎಷ್ಟಿರಬೇಕೆಂಬ ಮಾತು ತೀರ್ಮಾನವಾಗಲಿ."