ಸೂಲಗಿತ್ತಿಯರ ಜಗಲಿ

ಶಿಷ್ಯ ಕೇಳಿದ: "ಗುರುಗಳೇ, ಆಂಬುಲೆನ್ಸ್ ಕರೆಗಳನ್ನು ನೋಡಿಕೊಳ್ಳುವ ಪ್ರೋಗ್ರಾಮ್ ಬರೆದಿದ್ದೇನೆ. ಕರೆ ಯಾವಾಗ ಬರುತ್ತದೋ, ಒಮ್ಮೆಗೆ ಎಷ್ಟು ಬರುತ್ತವೋ ತಿಳಿಯದು. ಬಂದದ್ದನ್ನು ಎತ್ತಿಕೊಳ್ಳಲೆಂದು ಪ್ರೋಗ್ರಾಮಿನೊಳಗೆ ಒಂದಷ್ಟು ಕೆಲಸಗಾರರನ್ನು, ಅಂದರೆ ಒಂದೊಂದು ಕರೆಯನ್ನು ನಡೆಸುವ ಚಿಕ್ಕ ಚಿಕ್ಕ ಘಟಕಗಳನ್ನು, ಇಟ್ಟಿದ್ದೇನೆ. ಆದರೂ ಕರೆಗಳು ಕಾದು ಕಾದು ಕಡಿದುಹೋಗುತ್ತಿವೆ. ಇನ್ನೂ ಎಷ್ಟು ಕೆಲಸಗಾರರನ್ನು ಸೇರಿಸಲಿ?"

ಗುರು ಲೆಕ್ಕ ಹೇಳಲಿಲ್ಲ, ಕತೆ ಹೇಳಿದರು.

ಒಂದು ಊರಿನಲ್ಲಿ ಕೆಲವರು ಸೂಲಗಿತ್ತಿಯರಿದ್ದರು. ಅವರಿಗೆಲ್ಲ ಹಿರಿಯಳು ಒಬ್ಬ ಮುದುಕಿ. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿತ್ತು. ಕೈ ನಡುಗತೊಡಗಿದ ಮೇಲೆ ಅವಳು ಹೆರಿಗೆ ಮಾಡಿಸುವುದನ್ನು ಬಿಟ್ಟಳು. ನಾಲಿಗೆ ಮಾತ್ರ ನಡುಗುತ್ತಿರಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಎಲ್ಲ ಊರಲ್ಲೂ ಇದ್ದಾರೆ. ಈ ಊರಿನ ದೊಡ್ಡ ಮನೆಯವರು ಅವರಿಗಿಂತ ಜೋರು. ಸೊಸೆಗೆ ಎಂಟು ತಿಂಗಳು ತುಂಬಿತೋ ಇಲ್ಲವೋ, ಸೂಲಗಿತ್ತಿಯನ್ನೇ ಕರೆಸಿ ಪಡಸಾಲೆಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಅವಳು ಎಲೆ ಅಡಿಕೆ ಮೆಲ್ಲುತ್ತಾ, ಇನ್ನೂ ಬಾರದ ನೋವಿಗೆ ಕಾಯುತ್ತಾ ಕೂರಬೇಕು. ಹೀಗೆ ಒಬ್ಬೊಬ್ಬರು ಒಂದೊಂದು ಪಡಸಾಲೆ ಹಿಡಿದಿದ್ದಾಗ ಕುಂಬಾರನ ಹೆಂಡತಿಗೆ ನೋವು ಬಂತು. ಕುಂಬಾರ ಬಾಗಿಲು ಬಾಗಿಲು ಬಡಿದ. ಎಲ್ಲ ಮನೆಯವರೂ 'ನಮ್ಮವಳನ್ನು ಕಳಿಸುವುದಿಲ್ಲ' ಎಂದರು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಮುದುಕಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಸೂಲಗಿತ್ತಿಯರನ್ನೆಲ್ಲ ತನ್ನ ಜಗಲಿಗೆ ಕರೆಸಿ ಕಟ್ಟುಪಾಡು ಮಾಡಿದಳು. ಇನ್ನು ಮೇಲೆ ಯಾರ ಮನೆಯಲ್ಲೂ ಕಾಯುತ್ತಾ ಕೂರುವಂತಿಲ್ಲ. ಎಲ್ಲರೂ ಈ ಜಗಲಿಯಲ್ಲಿ ಸಾಲಾಗಿ ಕೂರಬೇಕು. ಕೂಗು ಯಾರ ಮನೆಯಿಂದ ಬಂದರೂ ಸಾಲಿನ ಮುಂದಿರುವವಳು ಎದ್ದು ಹೋಗಬೇಕು. ತಾಯಿ ಮಗು ಕ್ಷೇಮವೆಂದು ಕಂಡ ಮೇಲೆ ಸಿಹಿಯೂಟಕ್ಕೆ ಕಾಯದೆ ಬಂದು ಸಾಲಿನ ಕೊನೆಯಲ್ಲಿ ಕೂರಬೇಕು. ಜಗಲಿ ಖಾಲಿಯಾದರೆ ಹೊಸ್ತಿಲ ಬಳಿ ಮೊರವನ್ನು ಬೋರಲು ಹಾಕುವುದು. ಅದನ್ನು ಕಂಡವರು ಸುಮ್ಮನೆ ನಿಂತು ಹೊತ್ತು ಕಳೆಯದೆ ನೆರೆಯೂರಿಗೆ ಓಡಲಿ.

ಊರ ಗೌಡನಿಗೆ ಇದು ಹಿಡಿಸಲಿಲ್ಲ. ಅವನ ಸೊಸೆ ತುಂಬು ಬಸುರಿ. ಒಂದು ಬೆಳಿಗ್ಗೆ ಆಳುಗಳನ್ನು ಕಳಿಸಿ, ಸಾಲಿನಲ್ಲಿದ್ದ ಒಬ್ಬಳನ್ನು ಎಳೆತರಿಸಿ ತನ್ನ ಪಡಸಾಲೆಯಲ್ಲಿ ಕೂರಿಸಿದ. ಅಂದು ಮಧ್ಯಾಹ್ನವೇ ನೇಕಾರನೊಬ್ಬ ಓಡಿ ಬಂದ. ಉಳಿದವರೆಲ್ಲ ಹೆರಿಗೆಗೆ ಹೋಗಿದ್ದರು. ಮೊರ ಬೋರಲಾಗಿತ್ತು. ಹೆಂಡತಿಯ ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿದೆ, ನೆರೆಯೂರಿಗೆ ಹೋಗಿ ಬರುವಷ್ಟು ಹೊತ್ತಿಲ್ಲ ಎಂದು ನೇಕಾರ ಅತ್ತ.

ಮುದುಕಿ ಕೋಲು ಹಿಡಿದು ಎದ್ದಳು. ಗೌಡನ ಅಂಗಳದಲ್ಲಿ ನಿಲ್ಲದೆ ಪಡಸಾಲೆಗೇ ನುಗ್ಗಿದಳು. ಕರೆಯದೆ ಅಲ್ಲಿಗೆ ಕಾಲಿಟ್ಟವರು ಊರಿನಲ್ಲಿ ಯಾರೂ ಇರಲಿಲ್ಲ.

"ಏಳವ್ವಾ, ನೇಕಾರ್ರ ಮನೇಗೆ ನಡಿ" ಎಂದಳು.

ಗೌಡ ಬಾಗಿಲಿಗೆ ಅಡ್ಡ ನಿಂತ. "ನನ್ನ ಸೊಸೆಗೆ ಈಗ್ಲೇ ನೋವು ಬಂದ್ರೆ ಏನೇ ಗತಿ, ಮುದುಕಿ?"

"ಬಂದ್ರೆ ಕೂಗ್ಸಿ ಗೌಡ್ರೇ. ಜಗಲೀಲಿ ಯಾರು ಮುಂದಿರ್ತಾರೋ ಅವ್ರು ಓಡಿ ಬರ್ತಾರೆ. ಬರದೇ ಇರೋ ನೋವಿಗೋಸ್ಕರ ಬಂದಿರೋ ನೋವನ್ನ ನಾನು ಕಾಯ್ಸಲ್ಲ."

"ನಿನ್ನನ್ನ ಈ ಊರೇ ಬಿಡಿಸ್ತೀನಿ!"

"ಬಿಡ್ಸಿ" ಎಂದಳು ಮುದುಕಿ, ನಡುಗುವ ಎರಡೂ ಕೈಗಳನ್ನು ಅವನ ಮುಖದ ಮುಂದೆ ಹಿಡಿದು. "ನೀವು ಈ ಊರಿಗೆ ಬಂದಿದ್ದೇ ಈ ಕೈಯಿಂದ."

ಗೌಡ ಒಂದು ಹೆಜ್ಜೆ ಹಿಂದೆ ಸರಿದ. ಕೂತಿದ್ದವಳು ಅವನ ಪಕ್ಕದಿಂದಲೇ ನುಸುಳಿ ಓಡಿದಳು. ಮುದುಕಿ ಕೋಲೂರಿಕೊಂಡು ಅವಳ ಹಿಂದೆಯೇ ಮೆಟ್ಟಿಲು ಇಳಿದಳು.

ನೇಕಾರನ ಹೆಂಡತಿ ಬದುಕಿದಳು, ಮಗು ಅತ್ತಿತು. ಆ ವಾರದಲ್ಲೇ ಗೌಡನ ಸೊಸೆಗೂ ನೋವು ಬಂತು. ಮುದುಕಿ ಹಗೆ ಸಾಧಿಸುತ್ತಾಳೆ, ಯಾರನ್ನೂ ಕಳಿಸುವುದಿಲ್ಲ ಎಂದೇ ಗೌಡ ಹೆದರಿದ್ದ. ಅವನ ಆಳು ಮಾತು ಮುಗಿಸುವ ಮೊದಲೇ ಸಾಲಿನ ಮುಂದಿದ್ದವಳು ಸೆರಗು ಸಿಕ್ಕಿಸಿಕೊಂಡು ಹೊರಟಿದ್ದಳು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಗೌಡ, 'ಅವತ್ತು ನೇಕಾರನ ಮನೆಗೆ ನಾನೇ ಕಳಿಸಿಕೊಟ್ಟೆ' ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಮುದುಕಿ ಕೇಳಿ ನಕ್ಕಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಪಟ್ಟು ಬಿಡಲಿಲ್ಲ. "ಅದಿರಲಿ ಗುರುಗಳೇ, ಕುಂಬಾರನ ಹೆಂಡತಿ ಸತ್ತಾಗ ಆ ಊರಿನಲ್ಲಿ ಸೂಲಗಿತ್ತಿಯರು ಎಷ್ಟಿದ್ದರು? ನೇಕಾರನ ಹೆಂಡತಿ ಬದುಕಿದಾಗ ಎಷ್ಟಿದ್ದರು?"

"ಅಷ್ಟೇ ಜನ," ಎಂದರು ಗುರು. "ನಿನ್ನ ಕೆಲಸಗಾರರು ಈಗ ಯಾರ ಪಡಸಾಲೆಯಲ್ಲಿ, ಬಾರದ ಕರೆಗೆ ಕಾಯುತ್ತಾ ಕೂತಿದ್ದಾರೆ?"