ಬಾಳೆನಾರಿನ ಗಂಟು

“ಬುದ್ಧಿ, ನಮ್ಮ ಮಠಕ್ಕೆ ಒಳ್ಳೆಯ ಹುಡುಗರು ಯಾಕೆ ಬರುವುದಿಲ್ಲ?” ಎಂದು ಅಡವಯ್ಯ ಗುರುಗಳನ್ನು ಕೇಳಿದ.

ಮಠಕ್ಕೆ ಓದಲು ಬಂದ ಹುಡುಗರ ಹೊಣೆ ಅವನದು. ಯುಗಾದಿಯ ಹೊತ್ತಿಗೆ ಬಂದವರು ಮಳೆಗಾಲ ಮುಗಿಯುವುದರೊಳಗೆ ಹೊರಟುಹೋಗುತ್ತಿದ್ದರು. ಈ ಸಲದ ಕೊನೆಯವನು ಆ ದಿನ ಬೆಳಿಗ್ಗೆ ಹೋಗಿದ್ದ. ಬಂದಾಗ ಸದಾ ಹಾಡಿಕೊಂಡಿದ್ದ ಹುಡುಗ. ಹೋಗುವಾಗ ಅವನಿಗೆ ಮಾತೇ ನಿಂತುಹೋಗಿತ್ತು. ತಾಯಿ ಬಂದು ಕೈ ಹಿಡಿದು ಕರೆದುಕೊಂಡು ಹೋದಳು.

“ನನ್ನ ಕಡೆಯಿಂದ ಲೋಪವಿಲ್ಲ ಬುದ್ಧಿ,” ಎಂದ ಅಡವಯ್ಯ. “ತೀರಿಕೊಂಡ ಹಿರಿಯ ಸ್ವಾಮಿಗಳು ನನ್ನನ್ನು ಹೇಗೆ ತಿದ್ದಿದರೋ ಹಾಗೆಯೇ ಇವರನ್ನೂ ತಿದ್ದುತ್ತೇನೆ. ಅದೇ ಉಪವಾಸ, ಅದೇ ಕತ್ತಲೆಕೋಣೆ, ಅದೇ ಬೆತ್ತ. ಕೂದಲೆಳೆಯಷ್ಟೂ ಬದಲಿಸಿಲ್ಲ. ಈಗಿನವರಲ್ಲಿ ಸತ್ವವೇ ಇಲ್ಲ.”

ಗುರುಗಳು ಕೂತುಕೋ ಎಂದು ಕೈ ತೋರಿಸಿ, ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹೆಂಡತಿ ಜೇನು ಸಾಕುತ್ತಿದ್ದಳು. ಅವನಿಗೆ ಜೇನು ತಿನ್ನುವುದು ಗೊತ್ತಿತ್ತೇ ಹೊರತು ಸಾಕುವುದಲ್ಲ. ಒಂದು ವಸಂತದಲ್ಲಿ ಅವಳು ಹುತ್ತದಲ್ಲಿದ್ದ ಜೇನನ್ನು ಬಿಡಿಸಿ ತಂದಳು. ಮರಿಗಳಿದ್ದ ಮೇಣದ ಎರಿಗಳನ್ನು ಹದವಾಗಿ ಕೊಯ್ದು, ಜೇನುಪೆಟ್ಟಿಗೆಯ ಚೌಕಟ್ಟುಗಳಿಗೆ ಬಾಳೆನಾರಿನಿಂದ ಕಟ್ಟಿದಳು. ಎರಿ ಮರಕ್ಕೆ ಅಂಟಿಕೊಂಡ ಮೇಲೆ ಜೇನುನೊಣಗಳೇ ಆ ನಾರನ್ನು ಕಡಿದು ಹೊರಗೆ ಹಾಕುತ್ತವೆ. ಈ ನೊಣಗಳಿಗೆ ಅಷ್ಟು ಆಯುಸ್ಸು ಇರಲಿಲ್ಲ. ಮರಿಗಳಿಗೆ ರೋಗ ತಗುಲಿ ಗೂಡು ಬರಿದಾಯಿತು. ಅದೇ ಮಳೆಗಾಲದಲ್ಲಿ ಜ್ವರ ಬಂದು ಅವಳೂ ಹೋದಳು. ಅವಳು ಹಾಕಿದ ಗಂಟುಗಳು ಪೆಟ್ಟಿಗೆಯೊಳಗೆ ಹಾಗೆಯೇ ಉಳಿದವು.

ರೈತ ದಿನವೂ ಮುಚ್ಚಳ ತೆಗೆದು ಆ ಗಂಟುಗಳನ್ನು ನೋಡುತ್ತಿದ್ದ. ಅವಳ ಕೈ ಇನ್ನೂ ಅಲ್ಲೇ ಇದೆ ಅನ್ನಿಸುತ್ತಿತ್ತು. ಆ ಪೆಟ್ಟಿಗೆಯಲ್ಲಿ ಮತ್ತೊಮ್ಮೆ ಜೇನಿನ ಸದ್ದು ಕೇಳಬೇಕು. ಅದು ಬಿಟ್ಟರೆ ಬದುಕಿನಲ್ಲಿ ಅವನಿಗೆ ಬೇರೆ ಆಸೆ ಉಳಿದಿರಲಿಲ್ಲ.

ಮರುವಸಂತದಲ್ಲಿ ಹೊಂಗೆ ಹೂಬಿಟ್ಟಿತು. ಎಲ್ಲಿಂದಲೋ ಒಂದು ಹಿಂಡು ಬಂದು ತಾನಾಗಿಯೇ ಪೆಟ್ಟಿಗೆಯನ್ನು ಹೊಕ್ಕಿತು. ರೈತ ಅತ್ತೇಬಿಟ್ಟ. ಕಂಡವರಿಗೆಲ್ಲ ಬೆಲ್ಲ ಹಂಚಿದ. ಮಳೆ ಹಿಡಿಯುವ ಹೊತ್ತಿಗೆ ನೊಣಗಳು ಸತ್ತ ಬಿಳಿ ಮರಿಗಳನ್ನು ಬಾಗಿಲಿಗೆ ಎಳೆದು ತಂದು ಹಾಕತೊಡಗಿದವು. ಅವನು ಸಕ್ಕರೆ ನೀರು ಇಟ್ಟ, ಬೇವಿನ ಹೊಗೆ ಹಾಕಿದ, ವಿಭೂತಿ ತಂದು ಹಚ್ಚಿದ. ಗೂಡಿನ ಸದ್ದಡಗಿತು. ಹಿಂಡಿನಲ್ಲಿ ಸತ್ವವಿರಲಿಲ್ಲ ಎಂದುಕೊಂಡ. ಅದರ ಮುಂದಿನ ವಸಂತದಲ್ಲೂ ಒಂದು ಹಿಂಡು ಬಂತು. ಅದೂ ಸತ್ತಿತು. ಅದರಲ್ಲೂ ಸತ್ವವಿರಲಿಲ್ಲ.

ಪಕ್ಕದ ಹೊಲದವನು ಪೆಟ್ಟಿಗೆಯನ್ನು ಮೂಸಿ ನೋಡಿ, “ರೋಗ ಎರಿಯಲ್ಲೇ ಕೂತಿದೆ ಕಣಯ್ಯ. ಸುಟ್ಟುಹಾಕು. ಹೊಸದೊಂದು ನಾನು ಕೊಡ್ತೀನಿ,” ಎಂದ.

“ರೋಗ ಇದ್ದಿದ್ರೆ ಜೇನು ತಾನಾಗೇ ಹುಡುಕಿಕೊಂಡು ಬರ್ತಿತ್ತಾ?” ಎಂದ ರೈತ.

“ಹಳೇ ಎರಿ ವಾಸನೆಗೆ ಬರುತ್ತೆ. ಪಾಪ, ಅದಕ್ಕೇನು ಗೊತ್ತು?”

ರೈತ ಪೆಟ್ಟಿಗೆಯ ಮುಚ್ಚಳ ಮುಚ್ಚಿದ. ತಾನು ಮಣ್ಣು ಮಾಡಿ ಬಂದ ಹೆಂಡತಿಯನ್ನು ಈಗ ಸುಡು ಎಂದಂತೆ ಅವನಿಗೆ ಕೇಳಿಸಿತ್ತು. ನೆರೆಯವನು ಒಳ್ಳೆಯವನು; ಹೇಳಿದಂತೆ ಹೊಸ ಪೆಟ್ಟಿಗೆ ತಂದು ಅಂಗಳದಲ್ಲಿಟ್ಟು ಹೋದ.

ಮತ್ತೆ ವಸಂತ ಬಂತು. ಈ ಸಲ ಹಿಂಡು ತಾನಾಗಿ ಬರಲೆಂದು ರೈತ ಕಾಯಲಿಲ್ಲ. ಗಟ್ಟಿ ಹಿಂಡನ್ನೇ ಆರಿಸಿ ತರುತ್ತೇನೆಂದು ತೋಪುಗಳನ್ನೆಲ್ಲ ಅಲೆದ. ಒಂದು ಹುಣಸೆಯ ಕೊಂಬೆಯಲ್ಲಿ ದೊಡ್ಡ ಹಿಂಡು ಜೋತುಬಿದ್ದಿತ್ತು. ಬುಟ್ಟಿ ಒಡ್ಡಿ ಕೊಂಬೆ ಅಲುಗಿಸಿದ. ಹಿಂಡು ಇಡಿಯಾಗಿ ಬುಟ್ಟಿಗೆ ಬಿತ್ತು. ಒಂದು ನೊಣವೂ ಅವನನ್ನು ಕುಟುಕಲಿಲ್ಲ. ಬಟ್ಟೆ ಮುಚ್ಚಿ ಎದೆಗವಚಿಕೊಂಡು ಮನೆಗೆ ತಂದ. ದಾರಿಯುದ್ದಕ್ಕೂ ಅವುಗಳ ಬಿಸಿ ಅವನ ಎದೆಗೆ ತಾಕುತ್ತಿತ್ತು.

ಅಂಗಳದಲ್ಲಿ ಎರಡು ಪೆಟ್ಟಿಗೆಗಳ ನಡುವೆ ನಿಂತ. ಹೊಸದರೊಳಗೆ ಬಗ್ಗಿ ನೋಡಿದ. ಬರಿಯ ಮರ. ಒಂದು ಎರಿಯಿಲ್ಲ, ಒಂದು ಗಂಟಿಲ್ಲ. ಇಷ್ಟು ನಂಬಿ ಬಂದ ಜೀವಗಳನ್ನು ಈ ಬರಿಮನೆಗೆ ಹೇಗೆ ಬಿಡಲಿ ಎಂದು ಮರುಗಿದ. ಆ ಮರುಕ ಸುಳ್ಳಲ್ಲ. ಅವನು ಹಳೆಯ ಪೆಟ್ಟಿಗೆಯ ಮುಚ್ಚಳ ತೆಗೆದು ಗಂಟುಗಳನ್ನು ಬೆರಳಿನಿಂದ ಮುಟ್ಟಿದ. “ನಿನ್ನ ಹತ್ರಾನೇ ತಂದಿದ್ದೀನಿ, ನೋಡಿಕೋ,” ಎಂದು ಹೇಳಿ, ಬುಟ್ಟಿಯಲ್ಲಿದ್ದ ಹಿಂಡನ್ನು ಅದರೊಳಗೆ ಕೊಡವಿದ.

ಮಳೆ ಬಂತು. ಬಾಗಿಲಲ್ಲಿ ಬಿಳಿ ಮರಿಗಳು ಬಿದ್ದವು. ಗಟ್ಟಿ ಹಿಂಡಾದ್ದರಿಂದ ಸಾಯಲು ಬಹಳ ದಿನ ಹಿಡಿಯಿತು. ರೈತ ಪಕ್ಕದಲ್ಲೇ ಕೂತು ಎಲ್ಲವನ್ನೂ ನೋಡಿದ. ಕೊನೆಗೆ ಒಂದು ಹಿಡಿ ನೊಣಗಳ ನಡುವೆ ರಾಣಿಯೂ ಸತ್ತುಬಿತ್ತು. ಅವನು ತಲೆ ಚಚ್ಚಿಕೊಂಡು ಅತ್ತ. ಅತ್ತು ಸಾಕಾದ ಮೇಲೆ ಸತ್ತ ನೊಣಗಳನ್ನು ಗುಡಿಸಿದ. ಗಂಟು ಸಡಿಲಾಗದಂತೆ ಎರಿಗಳ ಧೂಳು ಒರೆಸಿದ. ಪೆಟ್ಟಿಗೆಯನ್ನು ಅದರ ಜಾಗದಲ್ಲೇ, ಬಾಗಿಲು ಪೂರ್ವಕ್ಕೆ ಬರುವಂತೆ ಇಟ್ಟು, ಮುಂದಿನ ವಸಂತಕ್ಕಾದರೂ ಒಳ್ಳೆಯ ಹಿಂಡು ಬರಲಿ ಎಂದು ಕೈಮುಗಿದ. ನೆರೆಯವನು ಕೊಟ್ಟ ಹೊಸ ಪೆಟ್ಟಿಗೆಯಲ್ಲಿ ಅವನ ಕೋಳಿ ಮೊಟ್ಟೆ ಇಡುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡವಯ್ಯ ಕೇಳಿದ:

“ಆಮೇಲಾದರೂ ಅವನಿಗೆ ಒಳ್ಳೆಯ ಹಿಂಡು ಸಿಕ್ಕಿತೇ, ಬುದ್ಧಿ?”

“ಬಂದ ಹಿಂಡುಗಳೆಲ್ಲ ಒಳ್ಳೆಯವೇ ಆಗಿದ್ದವು, ಅಡವಯ್ಯ, ಇವತ್ತು ಬೆಳಿಗ್ಗೆ ತಾಯಿಯ ಕೈ ಹಿಡಿದು ಹೋದವನೂ ಒಳ್ಳೆಯವನೇ.”