ಬಾಗಿಲ ಮೇಲಿನ ನಾಲ್ಕು

“ಗುರುಗಳೇ, ಕಂಪ್ಯೂಟರ್ ಜಾಲದಲ್ಲಿ ಯಂತ್ರಗಳಿಗೆ ವಿಳಾಸ ಕೊಡುವಾಗ ಮೊದಲ ಅಂಕಿಗಳಲ್ಲೇ ಅರ್ಥ ಸೇರಿಸಿಟ್ಟರೆ ತಪ್ಪೇನು? ಇದು ಆಸ್ಪತ್ರೆಯದು, ಇದು ಅಂಗಡಿಯದು ಎಂದು ದಾರಿಯಲ್ಲೇ ತಿಳಿಯುತ್ತದೆ. ಯಾವುದರ ಸಂದೇಶವನ್ನು ಮೊದಲು ಮುಂದೆ ಕಳಿಸಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ” ಎಂದು ಶಿಷ್ಯ ಸಂಗಣ್ಣ ಕೇಳಿದ.

ಗುರುಗಳು ಹೇಳಿದರು:

ಒಂದು ಸಂಸ್ಥಾನದಲ್ಲಿ ಒಬ್ಬ ಅಂಚೆ ಅಧಿಕಾರಿಯಿದ್ದ. ಅಲ್ಲಿ ಕಾಗದ ತಲುಪಲು ಆರು ದಿನ ಹಿಡಿಯುತ್ತಿತ್ತು. ಇದು ಯಾರಿಗೆ, ಎಷ್ಟು ಅವಸರ ಎಂದು ಪ್ರತಿಯೊಂದು ಅಂಚೆಮನೆಯಲ್ಲೂ ವಿಚಾರಿಸಬೇಕಿತ್ತು. ಅಧಿಕಾರಿ ಪ್ರತಿ ಮನೆಯ ಬಾಗಿಲಿಗೂ ಒಂದು ಸಂಖ್ಯೆ ಬರೆಸಿದ. ಅದರ ಮೊದಲ ಅಂಕಿಯೇ ಮನೆಯವರ ಕಸುಬು. ಒಂದು ಎಂದರೆ ವೈದ್ಯರು. ಅವರ ಕಾಗದ ಕುದುರೆಯ ಮೇಲೆ. ನಾಲ್ಕು ಎಂದರೆ ಕುಂಬಾರರು. ಅವರದು ಸಂತೆಯ ಗಾಡಿಯಲ್ಲಿ. ಆರು ದಿನ ಹಿಡಿಯುತ್ತಿದ್ದ ಅವಸರದ ಕಾಗದ ದೂರದ ಊರಿಗೂ ಎರಡೇ ದಿನಕ್ಕೆ, ಹತ್ತಿರದ ಊರಿಗೆ ಅದೇ ದಿನ ಬರತೊಡಗಿತು. ಜನ ಅವನನ್ನು ಹೊಗಳಿದರು. ಹೊಗಳಿದ್ದು ತಪ್ಪಲ್ಲ.

ಕುಂಬಾರರ ಬೀದಿಯಲ್ಲಿ ಗೌರವ್ವ ಎಂಬವಳಿದ್ದಳು. ಅವಳು ಸೋದರತ್ತೆಯಿಂದ ಸೂಲಗಿತ್ತಿಯ ಕೆಲಸ ಕಲಿತಳು. ಕೆಲವೇ ವರ್ಷಗಳಲ್ಲಿ ಸುತ್ತಲಿನ ಏಳು ಹಳ್ಳಿಗೆ ಅವಳೊಬ್ಬಳೇ ದಿಕ್ಕಾದಳು. ತಿಗರಿ ತಿರುಗಿಸುವುದನ್ನು ಬಿಟ್ಟಳು. ಅಧಿಕಾರಿಯ ಬಳಿ ಹೋಗಿ ತನ್ನ ನಾಲ್ಕನ್ನು ಅಳಿಸಿ ವೈದ್ಯರ ಒಂದನ್ನು ಕೊಡಲು ಕೇಳಿದಳು.

“ನಿನ್ನೊಬ್ಬಳಿಗಾಗಿ ಹನ್ನೆರಡು ಅಂಚೆಮನೆಗಳಲ್ಲಿ ಸಂಖ್ಯೆ ಬರೆದಿಟ್ಟ ಹಲಗೆ ತಿದ್ದಿಸಬೇಕು. ಹಳೆಯ ಸಂಖ್ಯೆ ಬರೆದಿಟ್ಟುಕೊಂಡ ಏಳೂ ಹಳ್ಳಿಗೆ ಹೇಳಿಕಳುಹಿಸಬೇಕು. ಆಗದ ಮಾತು” ಎಂದ ಅವನು.

ಆ ಮಳೆಗಾಲದಲ್ಲಿ ಆ ಏಳು ಹಳ್ಳಿಗಳಲ್ಲೊಂದರ ಕುರುಬ ಅವಳಿಗೆ ಕಾಗದ ಬರೆಸಿದ. ಹೆಂಡತಿಗೆ ನೋವು ಶುರುವಾಗಿದೆ, ಮಗು ಅಡ್ಡ ತಿರುಗಿದೆ, ಕೂಡಲೇ ಬಾ ಎಂದು. ಅಂಚೆಮನೆಯವನು ವಿಳಾಸದ ನಾಲ್ಕನ್ನು ನೋಡಿ ಕಾಗದವನ್ನು ಗಾಡಿಯ ಚೀಲಕ್ಕೆ ಹಾಕಿದ. ಗಾಡಿ ಹೊರಟಿದ್ದು ಮೂರು ದಿನದ ಮೇಲೆ. ಗೌರವ್ವ ಓಡುತ್ತ ಹೋದಾಗ ಕುರುಬನ ಮನೆಯವರು ತಾಯಿ ಮಗು ಇಬ್ಬರನ್ನೂ ಮಣ್ಣು ಮಾಡಿ ಬಂದಿದ್ದರು.

ಅವಳು ನೆಟ್ಟಗೆ ಕಚೇರಿಗೆ ಬಂದು ಕಾಗದವನ್ನು ಅಧಿಕಾರಿಯ ಮುಂದೆ ಎಸೆದಳು. “ಮೇಲೆಯೇ ‘ಅವಸರ’ ಅಂತ ಬರೆದಿದೆ. ಇಷ್ಟು ಜನರಲ್ಲಿ ಒಬ್ಬನಿಗೂ ಕಣ್ಣಿರಲಿಲ್ಲವೇ?”

“ಓದುವ ಕೆಲಸ ತಪ್ಪಲಿ ಎಂದೇ ಈ ಏರ್ಪಾಟು. ಸಂಖ್ಯೆ ಸರಿಯಾಗಿಯೇ ಇದೆ. ಬದಲಾದವಳು ನೀನು.”

“ಬದಲಾದೆ ಅಂತ ನಿನ್ನ ಬಾಗಿಲಿಗೇ ಬಂದು ಹೇಳಿದ್ದೆನಲ್ಲ! ಹಲಗೆ ತಿದ್ದುವುದು ಕಷ್ಟ ಅಂದೆ. ನಡಿ, ಆ ಗಂಡನ ಎದುರು ನಿಂತು ಅದೇ ಮಾತು ಹೇಳು.”

ಅವನು ಏಳಲಿಲ್ಲ. ಗೌರವ್ವ ಮನೆಗೆ ಬಂದು ಬಾಗಿಲ ಮೇಲಿನ ಸಂಖ್ಯೆಯನ್ನು ಉಳಿಯಿಂದ ಕೆತ್ತಿಹಾಕಿದಳು. ಬೀದಿಗೆ ಬೀದಿಯೇ ಹಾಗೆ ಮಾಡಿತು. ಆಮೇಲೆ ಊರಿಂದೂರಿಗೆ ಎಲ್ಲರೂ ಕೆತ್ತಿ ತೆಗೆದರು. ಅಂಚೆಯವರು ಮತ್ತೆ ಪ್ರತಿಯೊಂದು ಕಾಗದವನ್ನೂ ವಿಚಾರಿಸಬೇಕಾಯಿತು. ಮತ್ತೆ ಆರು ದಿನ ಹಿಡಿಯತೊಡಗಿತು. ಅದೂ ನಿಜ.

ಇಷ್ಟು ಹೇಳುವಷ್ಟರಲ್ಲಿ ಗುರುಗಳ ದನಿ ಗಡುಸಾಗಿತ್ತು.

ಸಂಗಣ್ಣ ಸ್ವಲ್ಪ ಯೋಚಿಸಿ, “ಆ ಅಧಿಕಾರಿ ಸೋಮಾರಿ. ನಾನಾದರೆ ವರ್ಷಕ್ಕೊಮ್ಮೆ ಎಲ್ಲ ಅಂಕಿಗಳನ್ನೂ ತಪ್ಪದೆ ತಿದ್ದುತ್ತೇನೆ” ಎಂದ.

ಗುರುಗಳು ಅವನನ್ನೇ ನೋಡುತ್ತ ಕೇಳಿದರು: “ಹೆರಿಗೆ ವರ್ಷದ ಕೊನೆಯವರೆಗೆ ಕಾಯುತ್ತದೆಯೇ?”